ಇಂಜೆಕ್ಷನ್ ಹಾಕಿಸದ ಆಕಳು

ಸತ್ತ ರಣಹದ್ದಿನ ಕಣ್ಣು ಗುಳಿಬಿದ್ದಿದ್ದರೆ ಅದು ನಮ್ಮ ಕೆಲಸಕ್ಕೆ ಬರುವುದಿಲ್ಲ. ಕಣ್ಣು ಇನ್ನೂ ತುಂಬಿಕೊಂಡಿರಬೇಕು, ಗರಿ ಹಿಡಿದು ಎಳೆದರೆ ಕಿತ್ತು ಬರಬಾರದು, ಹೊಟ್ಟೆಯ ಚರ್ಮ ಹಸಿರಿಗೆ ತಿರುಗಿರಬಾರದು. ಆಗ ಮಾತ್ರ ಒಳಗಿನ ಅಂಗಗಳು ಪರೀಕ್ಷೆಗೆ ಯೋಗ್ಯ. ಬಿಸಿಲಿನಲ್ಲಿ ಆ ಸ್ಥಿತಿ ಅರ್ಧ ದಿನವೂ ಉಳಿಯುವುದಿಲ್ಲ. ಪುಣೆ ಜಿಲ್ಲೆಯ ಶಿರೂರಿನ ಆಚೆ ಹೊಳೆದಂಡೆಯ ಮರಗಳ ಕೆಳಗೆ ಮೊದಲ ಹಂಗಾಮಿನಲ್ಲಿ ನಾನು ಎತ್ತಿದ ಹಕ್ಕಿಗಳೆಲ್ಲ ಕಣ್ಣು ಗುಳಿಬಿದ್ದವೇ ಆಗಿದ್ದವು.

ಹೊಸ ಶತಮಾನ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಉತ್ತರದ ಕಡೆ ರಣಹದ್ದುಗಳು ಗುಂಪುಗುಂಪಾಗಿ ಸಾಯುತ್ತಿವೆ ಎಂಬ ಸುದ್ದಿ ಬಂದಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಕೆಲವರು ವೈರಸ್ ಎಂದರು, ಕೆಲವರು ಕೀಟನಾಶಕ ಎಂದರು. ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆ, ಜಿಲ್ಲೆಯ ಪೂರ್ವಭಾಗದಲ್ಲಿ ಉಳಿದಿದ್ದ ಬಿಳಿಬೆನ್ನಿನ ರಣಹದ್ದುಗಳ ಗೂಡುಗಳ ಮೇಲೆ ಕಣ್ಣಿಡುವ ಕೆಲಸವನ್ನು ನನಗೆ ಒಪ್ಪಿಸಿತು. ಚಳಿ ಬೀಳುವ ಹೊತ್ತಿಗೆ ಈ ಹಕ್ಕಿಗಳು ಎತ್ತರದ ಮರಗಳ ನೆತ್ತಿಯಲ್ಲಿ ಕಟ್ಟಿಗೆಯ ಅಟ್ಟಣೆಯಂಥ ಗೂಡು ಕಟ್ಟಿ ಒಂದೇ ಒಂದು ಮೊಟ್ಟೆ ಇಡುತ್ತವೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ. ಮರಿ ಹಾರುವಷ್ಟರಲ್ಲಿ ಹೋಳಿ ಹುಣ್ಣಿಮೆ ಕಳೆದಿರುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೋಗಿ, ಪ್ರತಿ ಗೂಡಿನೆದುರು ದುರ್ಬೀನು ನಿಲ್ಲಿಸಿ, ಕಾವು ಕೂತಿದೆಯೋ ಇಲ್ಲವೋ, ಮರಿಯ ತಲೆ ಕಂಡಿತೋ ಇಲ್ಲವೋ ನೋಡಬೇಕು. ಸತ್ತ ಹಕ್ಕಿ ಸಿಕ್ಕರೆ ಅದರ ಅಂಗಾಂಗಗಳ ಚೂರು ತರಬೇಕು. ಕೆಲಸ ಇಷ್ಟೇ.

ಕಷ್ಟವೇನೆಂದರೆ ಅವು ನೆಲಕ್ಕೆ ಬಿದ್ದು ಸಾಯುತ್ತಿರಲಿಲ್ಲ. ಕೂತ ಕೊಂಬೆಯ ಮೇಲೆಯೇ ತಲೆ ಬಾಗಿಸಿ, ದಿನದಿನಕ್ಕೆ ಕತ್ತು ಇನ್ನಷ್ಟು ಜೋತುಬಿದ್ದು, ಕೊನೆಗೆ ಕವಲಿನಲ್ಲಿ ಸಿಕ್ಕಿಕೊಂಡು ಅಲ್ಲೇ ಒಣಗುತ್ತಿದ್ದವು. ಹೊಳೆಮತ್ತಿಯ ಮರಗಳು ನೇರವಾಗಿ ಬೆಳೆದವು, ಕೆಳಗೆ ಕಾಲಿಡಲು ಕೊಂಬೆ ಇರುವುದಿಲ್ಲ. ಎರಡು ಬಿದಿರಿನ ಗಳಗಳನ್ನು ಜೋಡಿಸಿ ಕಟ್ಟಿ, ತುದಿಗೆ ಕೊಕ್ಕೆ ಹಾಕಿ ಎಳೆಯುತ್ತಿದ್ದೆ. ಒಮ್ಮೊಮ್ಮೆ ರೆಕ್ಕೆ ಮಾತ್ರ ಕೈಗೆ ಬರುತ್ತಿತ್ತು.

ಹಕ್ಕಿಯನ್ನು ಕೊಯ್ಯಲು ಒಂದು ಮೇಜು, ನೀರು, ನೆರಳು ಬೇಕಿತ್ತು. ರಾಂಜಣಗಾಂವ ದಾಟಿ ಶಿರೂರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಸರ್ಕಾರಿ ಪಶು ದವಾಖಾನೆಗೆ ಹೋಗಿ ಕೇಳಿದೆ. ಅಲ್ಲಿಯ ವೈದ್ಯರು ನಿವೃತ್ತಿಗೆ ಹತ್ತಿರವಾಗಿದ್ದರು. ನನ್ನ ಮರಾಠಿಯನ್ನು ಎರಡು ವಾಕ್ಯ ಕೇಳಿ ಕನ್ನಡಕ ಸರಿಮಾಡಿಕೊಂಡು, ಧಾರವಾಡದ ಕಡೆಯವರೇನ್ರಿ ಮೇಡಂ ಎಂದು ಕನ್ನಡದಲ್ಲೇ ಕೇಳಿದರು. ಅವರದು ಬೆಳಗಾವಿ ಕಡೆಯ ಊರು. ಇಲ್ಲಿಯ ನೌಕರಿಗೆ ಬಂದು ತಲೆ ಹಣ್ಣಾಗಿತ್ತು. ಎರಡನೆಯ ಭೇಟಿಗೆ ಮೇಡಂ ಹೋಗಿ ತಂಗಿ ಆದೆ, ರೀ ಹೋಗಿ ನೀ ಬಂತು. ದವಾಖಾನೆಯ ಹಿಂದಿನ ಪಡಸಾಲೆಯ ಕಲ್ಲಿನ ಮೇಜನ್ನು ನನಗೆ ಬಿಟ್ಟುಕೊಟ್ಟರು. ದನ ಕೊಯ್ದು ನೋಡಿ ಅಭ್ಯಾಸವಿದ್ದ ಅವರಿಗೂ ರಣಹದ್ದು ಹೊಸದು. ಹಕ್ಕಿಯ ಮೂತ್ರಪಿಂಡಗಳು ಸೊಂಟದ ಎಲುಬಿನ ಗುಳಿಗಳಲ್ಲಿ ಅಂಟಿಕೊಂಡಿರುತ್ತವೆ. ಎಳೆದರೆ ಹರಿಯುತ್ತವೆ, ಚಾಕುವಿನ ಹಿಡಿಕೆಯಿಂದ ಮೆಲ್ಲಗೆ ಎಬ್ಬಿಸಬೇಕು. ಅದನ್ನು ಇಬ್ಬರೂ ಜೊತೆಯಲ್ಲಿ, ಕೊಳೆತ ಹಕ್ಕಿಗಳ ಮೇಲೆ ಕಲಿತೆವು.

ಆ ಹಂಗಾಮಿನಲ್ಲಿ ತಂದ ಚೂರುಗಳಲ್ಲಿ ಸ್ವಲ್ಪವಾದರೂ ಪರವಾಗಿಲ್ಲ ಅನ್ನಿಸಿದವನ್ನು ದವಾಖಾನೆಯ ಲಸಿಕೆಯ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರ್ಫ ತುಂಬಿ ಪುಣೆಗೆ ಒಯ್ಯುತ್ತಿದ್ದೆ. ಬೇಸಿಗೆ ಬಂದ ಮೇಲೆ ಲೋಡ್ ಶೆಡ್ಡಿಂಗ್ ಹೆಚ್ಚಿತು. ಒಮ್ಮೆ ನಾನು ವಾರ ಬಿಟ್ಟು ಹೋದಾಗ ಫ್ರಿಜ್ಜಿನ ತಳದಲ್ಲಿ ಕಂದು ನೀರು ನಿಂತಿತ್ತು. ಚೂರು ತುಂಬಿದ ನಳಿಕೆಗಳ ಮೇಲಿನ ಚೀಟಿಗಳು ಕಳಚಿ ತೇಲುತ್ತಿದ್ದವು. ಆದರೂ ಕಳಿಸಿದೆ. ಪರೀಕ್ಷೆಗೆ ಅಯೋಗ್ಯ ಎಂದು ಪ್ರಯೋಗಾಲಯದಿಂದ ಒಂದೇ ಸಾಲಿನ ಉತ್ತರ ಬಂತು.

ಆ ದಿನಗಳಲ್ಲಿ ನನಗೆ ಏನಾಗುತ್ತಿತ್ತು ಎಂದು ಈಗ ಕೇಳಿದರೆ ಹೇಳುವುದು ಕಷ್ಟ. ಅಳು ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಪುಣೆಯ ಖಡಕಿಯಲ್ಲಿದ್ದ ಮನೆಗೆ ಬಂದು, ಲಿಂಬೆ ಸಿಪ್ಪೆಯಿಂದ ಮೊಣಕೈವರೆಗೆ ಉಜ್ಜಿ ತೊಳೆದು ಊಟಕ್ಕೆ ಕೂರುತ್ತಿದ್ದೆ. ಗಂಡ ಇವತ್ತು ಹೆಂಗಿತ್ತು ಎಂದು ಕೇಳಿದರೆ ಎರಡು ಹೋದವು ಎನ್ನುತ್ತಿದ್ದೆ, ಬಸ್ಸು ತಪ್ಪಿತು ಎನ್ನುವ ಧಾಟಿಯಲ್ಲಿ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ನಾನೂ ಅದನ್ನು ಗಮನಿಸಲಿಲ್ಲ. ಚಟ್ನಿಪುಡಿಗೆ ಉಪ್ಪು ಬಿದ್ದಿಲ್ಲ ಎಂದು ಮನೆಯವರೆಲ್ಲ ಹೇಳಿದ ಮೇಲೆ ನನಗೆ ತಿಳಿಯುತ್ತಿತ್ತು.

ಎರಡನೆಯ ಚಳಿಗಾಲಕ್ಕೆ ಗೂಡುಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಚೂರುಗಳನ್ನು ಕೆಡದಂತೆ ಇಡುವ ದಾರಿ ಆ ಹೊತ್ತಿಗೆ ಸಿಕ್ಕಿತ್ತು. ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡಲು ಹೋರಿಯ ವೀರ್ಯದ ಕಡ್ಡಿಗಳನ್ನು ಪ್ರತಿ ಪಶು ದವಾಖಾನೆಯಲ್ಲೂ ದ್ರವ ನೈಟ್ರೋಜನ್ ತುಂಬಿದ ದೊಡ್ಡ ಕ್ಯಾನಿನಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಕರೆಂಟು ಬೇಡ. ಒಳಗಿನ ತಂಪಿಗೆ ಬೆರಳಿಟ್ಟರೆ ಚರ್ಮ ಸುಟ್ಟಂತಾಗುತ್ತದೆ. ನಮ್ಮ ನಳಿಕೆಗಳಿಗೂ ಅದರಲ್ಲಿ ಜಾಗ ಮಾಡಬಹುದೇ ಎಂದು ನಾನು ಕೇಳಿದೆ. ಡಾಕ್ಟರು ಸ್ವಲ್ಪ ಯೋಚಿಸಿ, ನಿಯಮದಲ್ಲಿ ಬೇಡ ಅಂತಲೂ ಬರೆದಿಲ್ಲ ಎಂದು ಒಪ್ಪಿದರು. ಇನ್ನು ಬೇಕಾಗಿದ್ದದ್ದು ತಾಜಾ ಹಕ್ಕಿ.

ಅದು ಸಿಕ್ಕಿತು. ಬೇಸಿಗೆ ಹತ್ತಿರವಾಗುತ್ತಿದ್ದ ಒಂದು ಬೆಳಿಗ್ಗೆ, ಮರಿ ಇದ್ದ ಗೂಡಿನ ಬುಡದಲ್ಲಿ ದೊಡ್ಡ ಹಕ್ಕಿಯೊಂದು ನೆಲದ ಮೇಲೆ ಕೂತಿತ್ತು. ನಾನು ಹತ್ತಿರ ಹೋದರೂ ಹಾರಲಿಲ್ಲ. ಕತ್ತು ಮೆಲ್ಲಗೆ ಜೋತುಬಿದ್ದು ಕೊಕ್ಕು ನೆಲಕ್ಕೆ ತಾಗುತ್ತಿತ್ತು. ತಾಗಿದ ಕೂಡಲೇ ಬೆಚ್ಚಿ ತಲೆ ಎತ್ತುತ್ತಿತ್ತು. ಮತ್ತೆ ಜೋತುಬೀಳುತ್ತಿತ್ತು. ಬಸ್ಸಿನಲ್ಲಿ ತೂಕಡಿಸುವವರ ಹಾಗೆ. ಮೇಲೆ ಗೂಡಿನಲ್ಲಿ ಅದರ ಜೋಡಿ ಮರಿಯ ಮೇಲೆ ರೆಕ್ಕೆ ಚಾಚಿ ನೆರಳು ಮಾಡಿ ನಿಂತಿತ್ತು.

ಹಳ್ಳಿಯ ಎಸ್‌ಟಿಡಿ ಬೂತಿನಿಂದ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ವಿಜ್ಞಾನಿ, ಮಿತಭಾಷಿ, ನ್ಯಾಯವಂತರು. ಇದು ವನ್ಯಜೀವಿ ಕಾನೂನಿನ ಮೊದಲ ಪಟ್ಟಿಯ ಪಕ್ಷಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಹಿಡಿಯುವಂತಿಲ್ಲ, ನೋವು ಕಡಿಮೆ ಮಾಡಲೆಂದು ಕೊಲ್ಲುವಂತೆಯೂ ಇಲ್ಲ, ಔಷಧ ಕೊಟ್ಟರೆ ಪರೀಕ್ಷೆಯಲ್ಲಿ ಔಷಧವೇ ಕಾಣುತ್ತದೆ ಎಂದರು. ಹಾಗಾದರೆ ಏನು ಮಾಡಲಿ ಎಂದೆ. ಕಾಯಿರಿ, ನಾಯಿಗಳು ಹತ್ತಿರ ಬಾರದಂತೆ ನೋಡಿಕೊಳ್ಳಿ ಎಂದರು.

ಕಾದೆ. ಚಾಕು, ಚಿಮ್ಮಟ, ಫಾರ್ಮಲಿನ್ ಡಬ್ಬಿ ಎಲ್ಲವನ್ನೂ ಒದ್ದೆ ಗೋಣಿಚೀಲದ ಕೆಳಗೆ ಜೋಡಿಸಿಟ್ಟು, ಸ್ವಲ್ಪ ದೂರದಲ್ಲಿ ಕೂತೆ. ಒಂದು ಪ್ರಾಣಿ ಬೇಗ ಸಾಯಲಿ ಎಂದು ಕೂರುವುದು ಹೇಗಿರುತ್ತದೆ ಎಂದು ನಾನು ಮುಂಚೆ ಯೋಚಿಸಿರಲಿಲ್ಲ. ನೆರಳು ಸರಿದ ಹಾಗೆಲ್ಲ ನಾನೂ ಸರಿದೆ, ಹಕ್ಕಿ ಬಿಸಿಲಿನಲ್ಲೇ ಉಳಿಯಿತು. ಮಧ್ಯಾಹ್ನ ಡಾಕ್ಟರು ಮೋಟಾರ್‌ಸೈಕಲ್ಲಿನಲ್ಲಿ ಬಂದರು, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ. ತಿಂದೆವು. ಅವರು ಹಕ್ಕಿಯನ್ನು ಬಹಳ ಹೊತ್ತು ನೋಡಿ, ಅದಕ್ಕೆ ನೋವು ಆಗುತ್ತಿದೆ, ಕೂತ ರೀತಿಯಲ್ಲೇ ಗೊತ್ತಾಗುತ್ತದೆ ಎಂದರು. ನಾನು ಹೌದು ಎಂದೆ. ಬಿಸಿಲು ಇಳಿಯುವ ಹೊತ್ತಿಗೆ ಅದರ ಕೊಕ್ಕು ನೆಲಕ್ಕೆ ತಾಗಿತು, ಮತ್ತೆ ಎತ್ತಲಿಲ್ಲ.

ದವಾಖಾನೆಗೆ ಒಯ್ಯುವ ಮೊದಲು ಅಲ್ಲೇ, ಗೋಣಿಚೀಲ ಹಾಸಿ ಕೊಯ್ದೆವು. ಮೈ ಇನ್ನೂ ಬೆಚ್ಚಗಿತ್ತು. ಎದೆಯ ಎಲುಬು ಎತ್ತಿದಾಗ ಡಾಕ್ಟರು ಕೈ ನಿಲ್ಲಿಸಿದರು. ಹೃದಯದ ಪೊರೆಯ ಮೇಲೆ, ಯಕೃತ್ತಿನ ಮೇಲೆ, ಕರುಳಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಮೂತ್ರಪಿಂಡ ಊದಿಕೊಂಡು, ಬಿಳಿಯ ಗೆರೆಗಳು ತುಂಬಿ, ಮುಟ್ಟಿದರೆ ಮರಳಿನ ಹಾಗೆ ಕರಕರ ಎನ್ನುತ್ತಿತ್ತು. ಮೂತ್ರಪಿಂಡ ಕೆಲಸ ನಿಲ್ಲಿಸಿದ್ದರಿಂದ ಮೈಯಿಂದ ಹೊರಹೋಗಬೇಕಾದ ಯೂರಿಕ್ ಆಮ್ಲವೆಲ್ಲ ಒಳಗೇ ಹರಳುಗಟ್ಟಿತ್ತು. ಕೊಳೆತ ಹಕ್ಕಿಗಳಲ್ಲೂ ಈ ಬಿಳುಪನ್ನು ಕಂಡಿದ್ದೆವು, ಆದರೆ ಕೊಳೆತದ್ದರಿಂದ ಹಾಗಾಗಿದೆಯೋ ಏನೋ ಎಂಬ ಅನುಮಾನವಿತ್ತು. ಈಗ ಉಳಿಯಲಿಲ್ಲ. ಚೂರುಗಳನ್ನು ನಳಿಕೆಗಳಿಗೆ ಹಾಕಿ, ಕತ್ತಲಾಗುವ ಮೊದಲೇ ಹೋರಿಯ ವೀರ್ಯದ ಕಡ್ಡಿಗಳ ಪಕ್ಕ ಇಳಿಸಿದೆವು.

ಮರಿಯನ್ನು ಗೂಡಿನಿಂದ ಇಳಿಸಿ ಸಾಕಲು ಅನುಮತಿ ಕೇಳಿ ಬರೆದೆವು. ಉತ್ತರ ಬರಲಿಲ್ಲ. ಒಂಟಿಯಾದ ಜೋಡಿಹಕ್ಕಿ ಮರಿಯನ್ನು ಬಿಟ್ಟು ಮೇವಿಗೆ ಹೋಗಬೇಕಾಯಿತು. ಹೋದಾಗ ಕಾಗೆಗಳು ಬಂದವು. ಆಮೇಲೊಂದು ವಾರ ದೊಡ್ಡದೂ ಬರಲಿಲ್ಲ. ನಾನು ದುರ್ಬೀನಿನಲ್ಲಿ ನೋಡುತ್ತಿದ್ದದ್ದು ಗೂಡಿನ ಅಂಚಿನಿಂದ ಹೊರಚಾಚಿದ್ದ ಒಂದು ಎಳೆಯ ರೆಕ್ಕೆ. ಗಾಳಿ ಬಂದಾಗ ಏಳುತ್ತಿತ್ತು. ಅದು ಗಾಳಿಗೆ ಏಳುತ್ತಿದೆಯೋ ತಾನೇ ಏಳುತ್ತಿದೆಯೋ ಎಂದು ಎರಡು ವಾರ ಬರೆದುಕೊಂಡೆ. ಮೂರನೆಯ ವಾರ ಬರೆಯಲಿಲ್ಲ.

ಮಳೆಗಾಲದಲ್ಲಿ ಫಲಿತಾಂಶ ಬಂತು. ವೈರಸ್ ಇಲ್ಲ, ಕೀಟನಾಶಕ ಸಾಯಿಸುವಷ್ಟಿಲ್ಲ. ಮತ್ತೆ ಖಾಲಿ ಕೈ. ಕೆಲ ಕಾಲದ ಮೇಲೆ ನಮ್ಮ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ನೆರೆಯ ದೇಶದಲ್ಲಿ ಕೆಲಸ ಮಾಡುತ್ತಿದ್ದ ತಂಡವೊಂದು ಕಾರಣ ಕಂಡುಹಿಡಿದಿದೆ ಎಂದರು. ಅದು ರೋಗವಲ್ಲ, ದನಗಳಿಗೆ ಕೊಡುವ ನೋವಿನ ಇಂಜೆಕ್ಷನ್, ಡೈಕ್ಲೋಫೆನಾಕ್. ಚುಚ್ಚಿಸಿಕೊಂಡ ದನ ಕೆಲವೇ ದಿನಗಳಲ್ಲಿ ಸತ್ತು, ಅದನ್ನು ರಣಹದ್ದು ತಿಂದರೆ ಹಕ್ಕಿಯ ಮೂತ್ರಪಿಂಡ ನಿಂತುಹೋಗುತ್ತದೆ. ನೈಟ್ರೋಜನ್ನಿನಲ್ಲಿ ಉಳಿದಿದ್ದ ನಮ್ಮ ಚೂರುಗಳನ್ನು ಈ ಔಷಧಕ್ಕಾಗಿಯೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆವು. ನಾವು ಕಾದು ಕೂತಿದ್ದ ಆ ಹಕ್ಕಿಯ ಮೂತ್ರಪಿಂಡದಲ್ಲಿ ಅದು ಇತ್ತು.

ಮುಂದಿನ ಕೆಲಸ, ಈ ಭಾಗದಲ್ಲಿ ಆ ಔಷಧದ ಬಳಕೆ ಎಷ್ಟಿದೆ ಎಂದು ತಿಳಿಯುವುದು. ಔಷಧದ ಅಂಗಡಿಗಳಿಗೆ ದನದ ಮಾಲೀಕರ ಹಾಗೆ ಹೋಗಿ ಕೇಳಬೇಕು, ವೈದ್ಯರ ಜೊತೆ ಸಹಜವಾಗಿ ಮಾತಿಗೆ ಕೂರಬೇಕು, ಕಾರಣ ಯಾರಿಗೂ ಹೇಳಬಾರದು ಎಂದು ಮುಖ್ಯಸ್ಥರು ಹೇಳಿದರು. ಹೇಳಿದರೆ ಅಂಗಡಿಗಳು ಬಾಟಲಿ ಮುಚ್ಚಿಡುತ್ತವೆ, ಸರ್ಕಾರದ ಮುಂದೆ ಇಡಲು ನಮ್ಮ ಹತ್ತಿರ ಪುರಾವೆ ಉಳಿಯುವುದಿಲ್ಲ. ಮಾತು ಸರಿಯಾಗಿಯೇ ಇತ್ತು. ನಿಮ್ಮ ಡಾಕ್ಟರಿಗೂ ಸದ್ಯ ಬೇಡ ಎಂದರು. ಆಗಲಿ ಎಂದು ಬಂದೆ.

ಶಿರೂರಿನ ಅಂಗಡಿಗಳಿಗೆಂದು ಹೊರಟ ದಿನ ಬಸ್ಸು ರಾಂಜಣಗಾಂವದ ಗಣಪತಿಯ ಕಮಾನಿನೆದುರು ನಿಂತಿತು. ಆಚೆಗೆ ಕಾರ್ಖಾನೆಗಳ ಕಡೆ ಹೋಗುವ ಕೆಲಸಗಾರರು ಇಳಿದರು. ಕಿಟಕಿಯ ಹೊರಗೆ ಒಬ್ಬ ರೈತ ಕುಂಟುವ ಎತ್ತನ್ನು ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಮ್ಮ ದಿಕ್ಕಿನಲ್ಲೇ ನಡೆಯುತ್ತಿದ್ದ. ಆ ದಿಕ್ಕಿನಲ್ಲಿದ್ದ ಪಶು ದವಾಖಾನೆ ಒಂದೇ. ಶಿರೂರಿನ ಟಿಕೇಟು ಕೈಯಲ್ಲಿದ್ದರೂ ಡಾಕ್ಟರ ಹಳ್ಳಿಯಲ್ಲಿ ಇಳಿದೆ.

ದವಾಖಾನೆಯಲ್ಲಿ ಡಾಕ್ಟರು ಒಬ್ಬರೇ ಇದ್ದರು, ಸಿರಿಂಜುಗಳನ್ನು ಕುದಿಯಲು ಇಟ್ಟಿದ್ದರು. ನಾನು ಸುತ್ತುಬಳಸದೆ ಎಲ್ಲ ಹೇಳಿದೆ. ಅವರು ಯಾವ ಔಷಧ ಎಂದು ಇನ್ನೊಮ್ಮೆ ಕೇಳಿದರು. ಹೇಳಿದೆ. ಸ್ಟೂಲಿನ ಮೇಲೆ ಕೂತರು. ಎದುರಿನ ತಟ್ಟೆಯಲ್ಲಿ ಖಾಲಿ ಬಾಟಲಿಗಳಿದ್ದವು, ಅವುಗಳನ್ನು ನೋಡಿದರು.

"ಇವತ್ತ ಬೆಳಿಗ್ಗೆನೂ ಒಂದ ಎತ್ತಿಗೆ ಹಾಕೇನಿ," ಎಂದರು. "ಆ ಎತ್ತು ಸಾಯೂದಲ್ಲ, ಕಾಲು ಉಳುಕಿತ್ತು ಅಷ್ಟ. ಆದ್ರ ಸಾಯೂ ದನಕ್ಕೂ ಹಾಕ್ತೇನಿ ತಂಗಿ. ಅವಕ್ಕಽ ಹೆಚ್ಚು ಹಾಕ್ತೇನಿ. ನೋವಿಲ್ದ ಸಾಯ್ಲಿ ಅಂತ."

ಒಲೆಯ ಮೇಲಿನ ನೀರು ಕುದಿಯುತ್ತಿತ್ತು. ನಾನು ಹೋಗಿ ಒಲೆ ಆರಿಸಿದೆ.

ಕೆಟ್ಟ ಔಷಧ ಅಲ್ಲ ಅದು, ಎದ್ದು ನಿಲ್ಲಲಾರದ ದನ ಅದರಿಂದ ಸಂಜೆಗೆ ಮೇವು ಮುಟ್ಟುತ್ತದೆ ಎಂದರು. ಅದನ್ನು ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಆಮೇಲೆ ತಲೆ ಎತ್ತಿ ಕೇಳಿದರು.

"ನಿಮ್ಮ ಸಾಹೇಬ್ರು ನನಗ ಹೇಳಬ್ಯಾಡ ಅಂದಿರಬೇಕಲ್ಲ?"

"ಹೌದ್ರಿ."

"ಮತ್ಯಾಕ ಹೇಳಿದಿ?"

"ನಾಳೆನೂ ಹಾಕ್ತಿದ್ರಲ್ಲ ಡಾಕ್ಟರ್ರ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

ಮುಖ್ಯಸ್ಥರಿಗೆ ನಾನೇ ಹೋಗಿ ತಿಳಿಸಿದೆ. ಅವರು ಕೂಗಾಡಲಿಲ್ಲ. ಆ ತಾಲ್ಲೂಕಿನಲ್ಲಿ ಇನ್ನು ಸಮೀಕ್ಷೆಗೆ ಅರ್ಥವಿಲ್ಲ ಎಂದು ಬೇರೆ ಕಡೆಗೆ ಬೇರೆಯವರನ್ನು ಕಳಿಸಿದರು. ಅವರು ಹೇಳಿದಂತೆಯೇ ಆಯಿತು. ಮಾತು ಹೇಗೋ ಹಬ್ಬಿ, ಶಿರೂರಿನ ಅಂಗಡಿಗಳವರು ಆ ಔಷಧ ನಾವು ಇಡುವುದೇ ಇಲ್ಲ ಎನ್ನತೊಡಗಿದರು. ಮುಂದೆ ಸರ್ಕಾರ ಅದನ್ನು ದನಗಳಿಗೆ ಕೊಡಬಾರದೆಂದು ನಿಷೇಧಿಸಿತು, ಆದರೆ ಅದು ಆಮೇಲಿನ ಮಾತು, ಅದಕ್ಕೆ ಬೇಕಾದ ಪುರಾವೆಯಲ್ಲಿ ನಮ್ಮ ತಾಲ್ಲೂಕಿನ ಪಾಲು ಏನೂ ಇರಲಿಲ್ಲ. ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಏನೂ ಆಗಲಿಲ್ಲ.

ಡಾಕ್ಟರು ತಮ್ಮ ಮಟ್ಟಿಗೆ ಒಂದು ನಿಯಮ ಮಾಡಿಕೊಂಡರು. ರಣಹದ್ದಿಗೆ ಅಪಾಯವಿಲ್ಲದ ಬೇರೆ ಔಷಧ ಇದೆ ಎಂದು ತಿಳಿದಿದ್ದರೂ ಅದು ಇನ್ನೂ ಹಳ್ಳಿಯ ದವಾಖಾನೆಗಳಿಗೆ ಬಂದಿರಲಿಲ್ಲ. ನೋವಿನಲ್ಲಿರುವ ದನವನ್ನು ಹಾಗೇ ಕಳಿಸಲು ಅವರಿಗೆ ಆಗುತ್ತಿರಲಿಲ್ಲ. ಆದ್ದರಿಂದ, ಇಂಜೆಕ್ಷನ್ ಹಾಕಿಸಿದ ದನ ವಾರದೊಳಗೆ ಸತ್ತರೆ ಹೂಳಲೇಬೇಕು, ವಾರ ದಾಟಿದ್ದರೆ ಮಾತ್ರ ಊರಾಚೆ ದನ ಎಸೆಯುವ ಬಯಲಿಗೆ ಒಯ್ಯಬಹುದು ಎಂದು ಪ್ರತಿಯೊಬ್ಬ ಮಾಲೀಕರಿಗೂ ಹೇಳತೊಡಗಿದರು. ಕೆಲವರು ನಕ್ಕರು. ಅಪಶಕುನದ ಹಕ್ಕಿ, ಹೋದರೆ ಹೋಗಲಿ ಎಂದರು. ಕಲ್ಲುಮಣ್ಣು ಬೆರೆತ ಗಟ್ಟಿ ಮುರುಮಿನ ನೆಲದಲ್ಲಿ ದನದ ಗುಂಡಿ ತೋಡುವುದು ಸುಲಭವಲ್ಲ. ಕೆಲವರು ದವಾಖಾನೆಗೆ ಬರುವುದನ್ನೇ ಬಿಟ್ಟು, ಏನೂ ಕೇಳದೆ ಸೂಜಿ ಚುಚ್ಚುವ ಖಾಸಗಿ ಕಂಪೌಂಡರನ ಹತ್ತಿರ ಹೋದರು. ನಾನು ಹೋದ ದಿನಗಳಲ್ಲಿ ಡಾಕ್ಟರ ಪಕ್ಕ ನಿಂತು ಅದೇ ಮಾತನ್ನು ಮರಾಠಿಯಲ್ಲಿ ಹೇಳುತ್ತಿದ್ದೆ.

ಪೂರ್ತಿ ಕೇಳಿಸಿಕೊಂಡವರು ಕಡಿಮೆ. ಅವರಲ್ಲಿ ಒಬ್ಬರು ಮೊಣಕಾಲು ಊದಿದ ಮುದಿ ಆಕಳನ್ನು ಹಿಡಿದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ, ಅಲ್ಲಿಯ ಮಾತಿನಲ್ಲಿ ಆಜಿ. ಎರಡು ಆಕಳು, ಕೆಲವು ಆಡುಗಳು, ಹೊಳೆಯ ಹತ್ತಿರ ತುಂಡು ಹೊಲ ಅವರದು. ಮಾತು ಮುಗಿಯುವವರೆಗೂ ಆಕಳಿನ ಕೊರಳ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ತಾವು ಮದುವೆಯಾಗಿ ಬಂದ ಕಾಲದಲ್ಲಿ ಬಯಲಿಗೆ ದನ ಒಯ್ದರೆ ಆಕಾಶ ಕಪ್ಪಾಗುತ್ತಿತ್ತು, ಸಂಜೆಗೆ ಎಲುಬು ಮಾತ್ರ ಇರುತ್ತಿತ್ತು ಎಂದು ನೆನೆಸಿಕೊಂಡರು. ಈಗ ಅಲ್ಲಿ ನಾಯಿಗಳು. ಹಿಂದಿನ ತಿಂಗಳು ಹಗಲಿನಲ್ಲೇ ಬಂದು ಅವರ ಎರಡು ಆಡಿನ ಮರಿಗಳನ್ನು ಎಳೆದುಕೊಂಡು ಹೋಗಿದ್ದವು. ಗಿಧಾಡ ಬಂದರೆ ನಾಯಿ ಹೋಗುತ್ತವೆಯೇ ಎಂದು ರಣಹದ್ದಿನ ಮರಾಠಿಯ ಹೆಸರು ಹಿಡಿದು ಕೇಳಿದರು. ತಿನ್ನಲು ಸಿಗದಿದ್ದರೆ ಹೋಗುತ್ತವೆ ಎಂದರು ಡಾಕ್ಟರು. ಹಾಗಾದರೆ ನಾನು ನೆನಪಿಟ್ಟುಕೊಳ್ಳುತ್ತೇನೆ ಎಂದರು ಆಜಿ. ಅಂದು ಆ ಆಕಳಿಗೆ ಇಂಜೆಕ್ಷನ್ ಹಾಕಿದರು. ಅದು ನಡೆದುಕೊಂಡೇ ಮನೆಗೆ ಹೋಯಿತು.

ಮತ್ತೆ ಚಳಿ ಬಂತು. ನಾನು ವಾರಕ್ಕೊಮ್ಮೆ ಹೊಳೆದಂಡೆಗೆ ಹೋದೆ. ಮೊದಲ ವಾರ ಇನ್ನೂ ಬೇಗ ಎಂದುಕೊಂಡೆ. ಆಮೇಲೆ ಈ ಸಲ ತಡ ಎಂದುಕೊಂಡೆ. ಹಳೆಯ ಗೂಡುಗಳು ಮಳೆಗೆ ಜರಿದಿದ್ದವು, ಯಾವುದರಲ್ಲೂ ಹೊಸ ಕಟ್ಟಿಗೆ ಕಾಣಲಿಲ್ಲ. ಮರಗಳ ಕೆಳಗೆ ಮೊದಲು ಸುಣ್ಣ ಚೆಲ್ಲಿದಂತಿದ್ದ ಹಿಕ್ಕೆ ತೊಳೆದುಹೋಗಿ ಹುಲ್ಲು ಬೆಳೆದಿತ್ತು. ಒಂದೊಂದು ಮರದೆದುರೂ ದುರ್ಬೀನು ನಿಲ್ಲಿಸಿ, ಮೊದಲಿನಷ್ಟೇ ಹೊತ್ತು ನೋಡಿ, ಮುಂದಿನ ಮರಕ್ಕೆ ಹೋಗುತ್ತಿದ್ದೆ. ಕೆಲಸದ ರೀತಿ ಅದೇ ಆಗಿತ್ತು. ದವಾಖಾನೆಗೆ ಹೋದರೆ ಡಾಕ್ಟರು ಕೇಳುತ್ತಿರಲಿಲ್ಲ, ನನ್ನ ಮುಖ ನೋಡಿ ಚಹಾಕ್ಕೆ ಹೇಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಖಡಕಿಯ ಮನೆಗೆ ಡಾಕ್ಟರ ಫೋನು ಬಂತು. ಆಜಿಯ ಆಕಳು ಸತ್ತಿದೆ, ಬಾ ಎಂದಷ್ಟೇ ಹೇಳಿದರು. ಹೂಳುವ ಕೆಲಸ ಇರಬೇಕೆಂದು ನಾನು ರಾಂಜಣಗಾಂವದಲ್ಲಿ ಇಳಿದು, ಹೊಸ ಕಾರ್ಖಾನೆಯ ಅಡಿಪಾಯ ತೋಡುತ್ತಿದ್ದ ಜೆಸಿಬಿಯವನನ್ನು ಮಾತಾಡಿಸಿ, ಸಂಜೆಯ ಮೇಲೆ ಬರಲು ಒಪ್ಪಿಸಿ ಹೋದೆ.

ಆದರೆ ಡಾಕ್ಟರು ನನ್ನನ್ನು ಕರೆದೊಯ್ದದ್ದು ಬಯಲಿಗೆ. ಆಕಳನ್ನು ಆಗಲೇ ಚಕ್ಕಡಿಯಲ್ಲಿ ತಂದು ಇಳಿಸಿದ್ದರು. ಪಕ್ಕದಲ್ಲಿ ಆಜಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ಬಂದು ಕೈ ಹಿಡಿದುಕೊಂಡರು. ಆಕಳು ನೆಲ ಹಿಡಿದ ದಿನದಿಂದ ತಾನು ಡಾಕ್ಟರನ್ನು ಕರೆಯಲಿಲ್ಲ ಎಂದರು. ಇದು ಏಳುವುದಿಲ್ಲ ಎಂದು ಆಗಲೇ ಗೊತ್ತಾಗಿತ್ತು. ಇಂಜೆಕ್ಷನ್ ಹಾಕಿಸಿದ್ದರೆ ಮೈಯಲ್ಲಿ ವಿಷ ಉಳಿಯುತ್ತಿತ್ತು. ಬೇವಿನ ಸೊಪ್ಪು ಕುದಿಸಿ ಮೊಣಕಾಲಿಗೆ ಶಾಖ ಕೊಟ್ಟರಂತೆ, ಎಣ್ಣೆ ತಿಕ್ಕಿದರಂತೆ. ಕೊನೆಯ ದಿನಗಳಲ್ಲಿ ಬಹಳ ಕೂಗಿಕೊಂಡಿತಂತೆ. ಹಿಂದಿನ ಇಂಜೆಕ್ಷನ್ ಆಗಿ ವಾರ ದಾಟಿ ಎಷ್ಟೋ ದಿನವಾಗಿದೆ, ಇದು ಸ್ವಚ್ಛ ಇದೆ, ಈಗ ಅವು ತಿನ್ನಬಹುದು ಎಂದರು.

ಡಾಕ್ಟರು ನನ್ನ ಕಡೆ ತಿರುಗಿ, ಆಜಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು.

"ಹೊಸ ಔಷಧ ತರಿಸೇನಿ ತಂಗಿ. ಬಂದು ಭಾಳ ದಿನ ಆತು, ಕಪಾಟಿನ್ಯಾಗ ಅದ. ಕರದಿದ್ರ ಅದನ್ನ ಹಾಕ್ತಿದ್ದೆ. ಕರೀಲೇ ಇಲ್ಲ." ಆಮೇಲೆ, "ಹಕ್ಕಿ ಇಲ್ಲ ಅನ್ನೂದೂ ಆಕೀಗ ಗೊತ್ತಿಲ್ಲ," ಎಂದರು.

ನಾವು ಮೂವರೂ ಜಾಲಿಮರದ ಕೆಳಗೆ ಕೂತೆವು. ಆಜಿ ಆಕಾಶ ನೋಡುತ್ತಿದ್ದರು. ಎತ್ತರದಲ್ಲಿ ಒಂದೆರಡು ಹಕ್ಕಿ ಸುತ್ತಿದವು. ಬಂದವೇ ಎಂದು ಕೇಳಿದರು. ಅವು ಸಾಮಾನ್ಯ ಹದ್ದುಗಳು ಎಂದೆ. ದೂರದಲ್ಲಿ ನಾಯಿಗಳು ಸೇರತೊಡಗಿದ್ದವು. ಆಕಳಿನ ಮೈ ಹಂಡಬಂಡವಾಗಿತ್ತು, ಕೊಂಬಿಗೆ ಯಾರೋ ಅರಿಶಿನ ಹಚ್ಚಿದ್ದರು. ಎರಡು ವರ್ಷಗಳಲ್ಲಿ ಎಷ್ಟೋ ಸಾವುಗಳ ಪಕ್ಕ ಕೂತಿದ್ದ ನನಗೆ ಅಂದು ಮೊದಲ ಸಲ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಎದ್ದು ಹೋಗಲು ಎಲ್ಲೂ ಜಾಗವಿರಲಿಲ್ಲ. ಡಾಕ್ಟರು ಕೈಯಲ್ಲಿ ಕಡ್ಡಿ ಹಿಡಿದು ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದರು, ಅವರು ಹೇಳುವುದಿಲ್ಲ ಎಂದು ಗೊತ್ತಾಯಿತು.

ನಾನು ಹೇಳಿದೆ. ಆಜಿ, ಈ ವರ್ಷ ಹೊಳೆದಂಡೆಯಲ್ಲಿ ಒಂದು ಗೂಡೂ ಇಲ್ಲ, ಚಳಿ ಶುರುವಾದಾಗಿನಿಂದ ನಾನು ಒಂದು ಹಕ್ಕಿಯನ್ನೂ ಕಂಡಿಲ್ಲ ಎಂದೆ. ಮರಾಠಿಯಲ್ಲಿ ಆ ವಾಕ್ಯ ಬಹಳ ಚಿಕ್ಕದಾಗಿ ಮುಗಿಯಿತು.

ಆಜಿ ನನ್ನನ್ನು ನೋಡಲಿಲ್ಲ. ಆಕಳಿನ ಕಡೆ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, ಮನೆಯಲ್ಲಿ ಇದರ ಮಗಳಿದ್ದಾಳೆ, ಅವಳಿಗೂ ಮೊಣಕಾಲು ಊದಲು ಶುರುವಾಗಿದೆ, ಅವಳಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ಡಾಕ್ಟರು ಹೊಸ ಔಷಧ ಬಂದಿದೆ, ಅದರಿಂದ ಹಕ್ಕಿಗೆ ಏನೂ ಆಗುವುದಿಲ್ಲ, ನಾಳೆಯೇ ಬಂದು ನೋಡುತ್ತೇನೆ ಎಂದರು. ಹೊಸ ಔಷಧ ಯಾವಾಗ ಬಂತು ಎಂದು ಆಜಿ ಕೇಳಲಿಲ್ಲ.

"ಅದನ್ನೇ ಹಾಕಿ," ಎಂದರು ಮರಾಠಿಯಲ್ಲಿ. "ಎಲ್ಲಿಂದಲಾದರೂ ಬಂದರೂ ಬಂದಾವು."

ಜೆಸಿಬಿ ಸಂಜೆ ಬರುತ್ತದೆ, ಹೂಳೋಣ ಎಂದು ನಾನು ಹೇಳಿದೆ. ಸಂಜೆಯವರೆಗೆ ಹೀಗೇ ಇರಲಿ ಎಂದರು ಆಜಿ. ಡಾಕ್ಟರು ಜಾಲಿಯ ಎರಡು ಟೊಂಗೆ ಮುರಿದು, ಮುಳ್ಳು ಸವರಿ, ಒಂದನ್ನು ನನಗೆ ಕೊಟ್ಟರು. ಅವರು ಒಂದು ಕಡೆ ನಿಂತರು, ನಾನು ಇನ್ನೊಂದು ಕಡೆ. ಹೊತ್ತು ಮುಳುಗುವವರೆಗೆ ನಾಯಿಗಳನ್ನು ಹತ್ತಿರ ಬಿಡಲಿಲ್ಲ.